ಮೂರು ಪಾಯಿಂಟ್ ಒಂದು

ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ಮೂಗಿನ ತುದಿಯಿಂದ ಅದು ಎಂದೋ ಇಳಿದು ನಾಲಿಗೆಯ ಮೇಲೆ ಸಂಸಾರ ಹೂಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ನನ್ನನ್ನು ಒಳ್ಳೆಯವಳು ಎಂದುಕೊಳ್ಳಲು ಎಲ್ಲೂ ಜಾಗವಿಲ್ಲ.

ನನ್ನ ಕೆಲಸ ಹವಳ ಬೆಳೆಸಿ ಮಾರುವುದು. ನಾವು ಇರುವುದು ಮಹಡಿಯ ಮೇಲೆ, ಕೆಳಗಿನ ಕೋಣೆಯೇ ಅಂಗಡಿ. ಆರು ನೂರು ಲೀಟರ್ ಉಪ್ಪುನೀರಿನ ಒಂದು ದೊಡ್ಡ ಗಾಜಿನ ತೊಟ್ಟಿ, ಅದರ ಕೆಳಗೆ ಬೀರುವಿನೊಳಗೆ ಅಡಗಿಸಿಟ್ಟ ಇನ್ನೊಂದು ಸಣ್ಣ ತೊಟ್ಟಿ, ಹಗಲೆಲ್ಲ ನೀಲಿ ಬೆಳಕು, ಎಂದೂ ನಿಲ್ಲದ ಪಂಪಿನ ಗುಂಯ್ ಸದ್ದು. ಬಾಗಿಲ ಹಿಡಿಕೆ, ಸ್ವಿಚ್ಚು, ನನ್ನ ಮುಂಗೈ, ಎಲ್ಲದರ ಮೇಲೂ ಉಪ್ಪಿನ ಪೊರೆ. ಬಂದವರು ಹವಳವನ್ನು ಕಲ್ಲು ಅನ್ನುತ್ತಾರೆ, ಇಲ್ಲವೇ ಹೂವು ಅನ್ನುತ್ತಾರೆ. ಎರಡೂ ಅಲ್ಲ, ಅದು ಜೀವ. ನೀರಿನಲ್ಲಿರುವ ಸುಣ್ಣವನ್ನೂ ಕ್ಷಾರವನ್ನೂ ಎಳೆದುಕೊಂಡು ತನ್ನ ಮೂಳೆ ತಾನೇ ಕಟ್ಟಿಕೊಳ್ಳುತ್ತದೆ. ಸಮುದ್ರದಲ್ಲಿ ಎಷ್ಟು ತಿಂದರೂ ಮುಗಿಯುವುದಿಲ್ಲ. ತೊಟ್ಟಿಯಲ್ಲಿ ಮುಗಿಯುತ್ತದೆ. ಆದ್ದರಿಂದ ದಿನವೂ ಅಳೆಯಬೇಕು, ತಿಂದಷ್ಟನ್ನು ತಿರುಗಿ ಸುರಿಯಬೇಕು. ಅದರಲ್ಲೂ ಕ್ಷಾರದ್ದು ಹೊಸ ಅಳಿಯನ ಸ್ವಭಾವ. ಒಂದು ಚೂರು ಕಡಿಮೆಯಾದರೂ ಮುನಿಸು, ಒಂದು ಚೂರು ಹೆಚ್ಚಾದರೂ ಮುನಿಸು. ಬಿಸಿಯ ಹಾಗೆ ಕ್ಷಾರಕ್ಕೂ ಡಿಗ್ರಿಯ ಲೆಕ್ಕವಿದೆ, ಎಂಟೂವರೆ ಡಿಗ್ರಿಯ ಆಸುಪಾಸಿನಲ್ಲಿ ಕೂರಿಸಿ ಉಪಚಾರ ಮಾಡುತ್ತಿರಬೇಕು.

ಆ ಉಪಚಾರ ನಮ್ಮ ಮಾವನದು. ಮಾವ ಮೂವತ್ತೊಂದು ವರ್ಷ ನಗರದ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿದವರು. ಅತ್ತೆ ತೀರಿಕೊಂಡ ಮೇಲೆ ಆರು ತಿಂಗಳು ಮಹಡಿ ಬಿಟ್ಟು ಇಳಿಯಲಿಲ್ಲ. ಒಂದು ದಿನ ಚಹಾಕ್ಕೆ ಕರೆಯಲು ಕೆಳಗೆ ಬಂದವರು ನನ್ನ ಕೈಯಲ್ಲಿದ್ದ ಗಾಜಿನ ಕೊಳವೆ ನೋಡಿ ನಿಂತೇಬಿಟ್ಟರು.

"ಇದು ಟೈಟ್ರೇಷನ್ ಅಲ್ವೇನಮ್ಮ?"

"ಹೂಂ ಮಾವ."

"ಹಿಂಗಾ ಅಲ್ಲಾಡ್ಸೋದು? ಮಜ್ಜಿಗೆ ಕಡೀತಿದ್ದೀಯೋ, ಪರೀಕ್ಷೆ ಮಾಡ್ತಿದ್ದೀಯೋ? ಕೊಡಿಲ್ಲಿ."

ಅಂದಿನಿಂದ ಬೆಳಿಗ್ಗೆ ಏಳಕ್ಕೆ ಮಾವ ಕೆಳಗೆ ಹಾಜರು. ಕೊಳವೆಯನ್ನು ತೊಟ್ಟಿಯ ನೀರಿನಲ್ಲೇ ಮೂರು ಸಲ ತೊಳೆಯುವರು. ಐದು ಮಿಲಿಲೀಟರ್ ನೀರು ತುಂಬಿ, ಗೆರೆಯ ಮಟ್ಟಕ್ಕೆ ಕಣ್ಣು ಇಳಿಸಿ ನೋಡುವರು. ಆಮೇಲೆ ಸೀಸೆಯಿಂದ ಒಂದೊಂದೇ ಹನಿ. ಒಂದು ಹನಿಗೆ ಒಂದು ಡಿಗ್ರಿ. ನೀಲಿ ಹೋಗಿ ಹಳದಿ ತಿರುಗುವ ಹನಿ ಎಷ್ಟನೆಯದೋ ಅದೇ ಆ ದಿನದ ಲೆಕ್ಕ. ಕೈ ಸ್ವಲ್ಪ ನಡುಗುತ್ತಿತ್ತು ನಿಜ, ಆದರೆ ಹನಿ ಒಂದೂ ಹೊರಗೆ ಬಿದ್ದದ್ದನ್ನು ನಾನು ನೋಡಿಲ್ಲ. ಅದನ್ನು ಉದ್ದನೆಯ ಪುಸ್ತಕದಲ್ಲಿ ಬರೆದು, ಕ್ಷಾರದ ದ್ರಾವಣವನ್ನು ಅಳೆದು, ನೀರು ಜೋರಾಗಿ ಹರಿಯುವ ಮೂಲೆಯಲ್ಲಿ ನಿಂತು ಸಣ್ಣಗೆ ಸುರಿಯುವರು. ಅದಕ್ಕೆಲ್ಲ ಯಂತ್ರ ಸಿಗುತ್ತದೆ. ಯಂತ್ರ ತಂದರೆ ಮಾವನಿಗೆ ಬೆಳಿಗ್ಗೆ ಏಳುವುದಕ್ಕೆ ಕಾರಣ ಇರುವುದಿಲ್ಲ ಎಂದು ನಾನು ತರಲಿಲ್ಲ. ಅಷ್ಟು ಒಳ್ಳೆಯತನ ನನ್ನಲ್ಲೂ ಇತ್ತು.

ಅವರದು ಒಂದೇ ನಿಯಮ. ಕ್ಷಾರವನ್ನು ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಕೂಡದು, ಆಕಾಶವೇ ಕಳಚಿ ಬೀಳಲಿ. "ನೀರಿಗೆ ಅವಸರ ಇಲ್ಲಮ್ಮ, ಅವಸರ ಇರೋದು ನಮಗೆ" ಅನ್ನುತ್ತಿದ್ದರು. ಶನಿವಾರ ಶನಿವಾರ ಹಳೆಯ ಪ್ರಯೋಗಾಲಯದವರು ಅವರನ್ನು ಕರೆಸಿಕೊಳ್ಳುತ್ತಿದ್ದರು, ಹೊಸದಾಗಿ ಸೇರಿದವರಿಗೆ ಅಳತೆ ಕಲಿಸಲು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ವಾಪಸು ಬಂದು, "ಇವತ್ತು ಒಬ್ಬಳು ಹುಡುಗಿ ಸರಿಯಾಗಿ ಹನಿ ಬಿಟ್ಳು, ಮಿಕ್ಕವರೆಲ್ಲ ಗಿಡಕ್ಕೆ ನೀರು ಹಾಕೋರೇ" ಎಂದು ನಗುತ್ತಿದ್ದರು. ನಿವೃತ್ತಿಯಾದ ಮನುಷ್ಯನಿಗೆ ವಾರಕ್ಕೆ ಒಂದು ದಿನ ಜನ "ಸರ್" ಅನ್ನುವುದು ಎಷ್ಟು ದೊಡ್ಡದೆಂದು ನನಗೆ ಆಗ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ತೊಟ್ಟಿಯ ನಡುವೆ ಒಂದು ಕವಲು ಕವಲಾದ ಹವಳವಿತ್ತು, ತುದಿಯೆಲ್ಲ ನೇರಳೆ. ಅದಕ್ಕೆ ನಮ್ಮಿಬ್ಬರ ಬಾಯಲ್ಲೂ ಮುದುಕಿ ಎಂದೇ ಹೆಸರು. ಬೆರಳುದ್ದದ ತುಂಡಾಗಿ ತಂದದ್ದು ಒಂಬತ್ತು ವರ್ಷದಲ್ಲಿ ಬುಟ್ಟಿಯಷ್ಟು ಅಗಲವಾಗಿತ್ತು. ಅಂಗಡಿಯಲ್ಲಿ ಮಾರುತ್ತಿದ್ದ ಮರಿಗಳೆಲ್ಲ ಮುದುಕಿಯ ಮೈಯಿಂದ ಕತ್ತರಿಸಿದವೇ.

ಒಂದು ಸೋಮವಾರ ಮಾವ ತಮ್ಮ ತಂಗಿಯ ಮನೆಗೆ ಹೋದರು, ಮರುದಿನ ಸಂಜೆ ಬರುವುದಾಗಿ ಹೇಳಿ. ಬೆಳಗಿನ ಪರೀಕ್ಷೆ ನನ್ನ ಪಾಲಿಗೆ ಬಂತು. ಮಂಗಳವಾರ ನನಗೆ ಅದು ನೆನಪಾದದ್ದೇ ಮಧ್ಯಾಹ್ನ ಹನ್ನೆರಡಕ್ಕೆ. ಮಾವನ ಪರೀಕ್ಷೆಯ ಪೆಟ್ಟಿಗೆ ಮಹಡಿಯ ಮೇಲೆ ಅವರ ಕಪಾಟಿನಲ್ಲಿತ್ತು. ಮೆಟ್ಟಿಲು ಹತ್ತಲು ಸೋಮಾರಿತನ. ಸರಕು ಕಳಿಸುವವನು ಹೊಸ ಕಂಪನಿಯ ಪೆಟ್ಟಿಗೆಯೊಂದನ್ನು ನೋಡಿ ಹೇಳಿ ಎಂದು ಕೊಟ್ಟಿದ್ದ. ಅದನ್ನೇ ಒಡೆದೆ. ಒಳಗಿದ್ದ ಹಾಳೆಯ ಚಿತ್ರಗಳನ್ನಷ್ಟೇ ನೋಡಿ ಪರೀಕ್ಷೆ ಮಾಡಿದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವಳು ಅಕ್ಷರ ಓದುವುದುಂಟೇ?

ಬಂದ ಅಂಕಿ ಮೂರು ಪಾಯಿಂಟ್ ಒಂದು.

ಐದರ ಕೆಳಗೆ ಇಳಿದರೆ ಹವಳ ಹಸಿದು ಸಾಯುತ್ತದೆ. ಇದು ಮೂರು! ಇಂಥ ವಿಚಿತ್ರ ಅಂಕಿ ಬಂದಾಗ ಮೊದಲು ಮಾಡಬೇಕಾದ್ದು ಇನ್ನೊಮ್ಮೆ ಪರೀಕ್ಷೆ. ಅದು ಈ ಕಸುಬಿನ ಒಂದನೇ ಪಾಠ. ನಾನು ಮಾಡಲಿಲ್ಲ. ಮುದುಕಿ ಕಣ್ಣೆದುರೇ ಚೆನ್ನಾಗಿ ಅರಳಿ ನಿಂತಿದ್ದಳು, ಅದನ್ನೂ ನಂಬಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆತುರಗಾರ್ತಿಗೆ ಅಷ್ಟೂ ಇರಲಿಲ್ಲ. ಐದೂವರೆ ಡಿಗ್ರಿ ಏರಿಸಲು ಎಷ್ಟು ಬೇಕೋ ಅಷ್ಟು ದ್ರಾವಣ ಅಳೆದು, ನಾಲ್ಕು ಪಾಲು ಮಾಡಿ, ಸಂಜೆ ಐದರೊಳಗೆ ಸುರಿದುಬಿಟ್ಟೆ. ಮಾವನ ನಿಯಮ ತಲೆಯಲ್ಲಿ ಬಂದೇ ಬಂತು. ಪ್ರಾಣ ಹೋಗುವಾಗ ಎಂಥ ನಿಯಮ ಎಂದು ಅದರ ಬಾಯಿ ಮುಚ್ಚಿಸಿದೆ.

ಆರಕ್ಕೆ ಮಾವ ಬಂದರು. ಕೈಚೀಲ ಇಳಿಸುವ ಮೊದಲೇ ತೊಟ್ಟಿಯ ಹತ್ತಿರ ಹೋದರು.

"ನೀರು ಸ್ವಲ್ಪ ಮಂಕಾಗಿದೆಯಲ್ಲಮ್ಮ?"

"ಮರಳು ಕೆದಕಿದ್ದೆ ಮಾವ. ನಾನು ನೋಡ್ಕೋತೀನಿ, ನೀವು ಮೇಲೆ ಹೋಗಿ ಕೈಕಾಲು ತೊಳ್ಕೊಳ್ಳಿ."

ಸುಳ್ಳು. ಮೂರು ಪಾಯಿಂಟ್ ಒಂದು ಎಂದು ಹೇಳಿದರೆ ಎಷ್ಟು ಸುರಿದೆ ಎಂದೂ ಹೇಳಬೇಕಾಗುತ್ತಿತ್ತು. ಬೈಸಿಕೊಳ್ಳುವುದು ಬೇಡವಾಗಿತ್ತು. ಅಷ್ಟೇ ಕಾರಣ. ಏಳಕ್ಕೆ ದೀಪ ಆರಿಸಲು ಮಾವ ಒಬ್ಬರೇ ಕೆಳಗೆ ಹೋಗಿ ಬಂದರು.

ಬೆಳಿಗ್ಗೆ ನನ್ನನ್ನು ಕೂಗಿದ ದನಿ ಮಾವನದು ಅನ್ನಿಸಲಿಲ್ಲ. ಓಡಿ ಇಳಿದೆ. ತೊಟ್ಟಿಯ ನೀರು ಗಂಜಿಯ ತಿಳಿಯಂತಿತ್ತು. ಮುದುಕಿಯ ಬುಡದಿಂದ ಚರ್ಮ ಹಾಳೆಹಾಳೆಯಾಗಿ ಕಿತ್ತು ತೇಲುತ್ತಿತ್ತು, ಒಳಗೆ ಬರೀ ಬಿಳಿ ಮೂಳೆ. ಮಾವ ಮೂರು ಕೊಳವೆ ಸಾಲಾಗಿ ಇಟ್ಟಿದ್ದರು.

"ಮೂರು ಸಲ ಮಾಡ್ದೆ. ಮೂರು ಸಲಾನೂ ಹದಿನಾಲ್ಕು."

ನನ್ನ ಲೆಕ್ಕದ ಪ್ರಕಾರ ಎಂಟೂವರೆ ಇರಬೇಕಿತ್ತು. ಹದಿನಾಲ್ಕು ಅಂದರೆ ನಾನು ಸುರಿದದ್ದರ ಮೇಲೆ ಇನ್ಯಾರೋ ಸುರಿದಿರಬೇಕು. ಆ ಕ್ಷಣಕ್ಕೆ ನಾನು ಅದನ್ನು ನಂಬಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಒಂದು ದಿನಕ್ಕೆ ಐದೂವರೆ ಏರಿಸಿದ ಪಾಪ ನನ್ನದೇ ಎಂದೂ ಗೊತ್ತಿತ್ತು. ಅದಕ್ಕೇ ದನಿ ಅಷ್ಟು ಜೋರಾಗಿ ಬಂತು.

"ನಿನ್ನೆ ದೀಪ ಆರಿಸೋಕೆ ಬಂದಾಗ ಹಾಕಿದ್ರಾ ಮಾವ?"

"ಇಲ್ಲಮ್ಮ. ಹಾಕ್ಲಿಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಹಾಕಿದ್ರೋ ಇಲ್ವೋ?"

"ಪ್ರಯಾಣ ಮಾಡಿ ಸುಸ್ತಾಗಿತ್ತು... ದೀಪ ಆರಿಸ್ದೆ. ಅಷ್ಟೇ ಇರ್ಬೇಕು."

"ಇರ್ಬೇಕು, ಅನ್ಸುತ್ತೆ! ಒಂಬತ್ತು ವರ್ಷ ಸಾಕಿದ್ದು ಒಂದು ರಾತ್ರೀಲಿ ಹೋಯ್ತು. ಕೈ ನಡುಗುತ್ತೆ, ಏನು ಮಾಡಿದ್ವಿ ಅಂತ ನೆನಪು ನಿಲ್ಲಲ್ಲ, ಯಾಕೆ ಬೇಕು ನಿಮಗೆ ಈ ಕೆಲಸ? ಸುಮ್ನೆ ಮೇಲೆ ಕೂತ್ಕೋಬಾರ್ದಾ?"

ಮಾವ ಮೂರು ಕೊಳವೆಗಳನ್ನೂ ಒಂದೊಂದಾಗಿ ತೊಳೆದು, ಒರೆಸಿ, ಕಡ್ಡಿಯ ಮೇಲೆ ಬೋರಲು ಹಾಕಿದರು. ಆಮೇಲೆ, "ಹಾಕಿರ್ಬಹುದು" ಅಂದರು. "ನೀನು ಹೇಳೋದ್ ನೋಡಿದ್ರೆ ಹಾಕಿರ್ಬಹುದು. ನನಗೆ ನೆನಪಾಗ್ತಿಲ್ಲ."

ಮೆಟ್ಟಿಲ ಮೇಲೆ ನಿಂತಿದ್ದ ನಮ್ಮ ಮನೆಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಗೇ ನಿಂತಿದ್ದರೆ ಕಾಲು ಹಿಡಿದು ಸರಿಮಾಡಿಕೊಳ್ಳಬಹುದಿತ್ತೇನೋ. ನಾಲ್ಕು ದಿನ ನೀರು ಬದಲಿಸಿ ಬದಲಿಸಿ ಕ್ಷಾರವನ್ನು ಹತ್ತಕ್ಕೆ ಇಳಿಸಿದೆ. ಅದು ಮಾವನ ಪೆಟ್ಟಿಗೆಯ ಅಳತೆ. ಅನುಮಾನಕ್ಕೆಂದು ಹೊಸ ಪೆಟ್ಟಿಗೆಯಲ್ಲೂ ನೋಡಿದೆ. ಅದು ಮೂರು ಪಾಯಿಂಟ್ ಆರು ಅಂದಿತು. ಒಂದೇ ನೀರು, ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಮೂರೂ ಚಿಲ್ಲರೆ. ಆಗ ಹಾಳೆ ಬಿಡಿಸಿ ಓದಿದೆ. ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು. ಈ ಅಂಕಿ ಡಿಗ್ರಿಯದಲ್ಲ, ಬೇರೆ ಮಾನದ್ದು, ಡಿಗ್ರಿ ಬೇಕಾದರೆ ಎರಡು ಪಾಯಿಂಟ್ ಎಂಟರಿಂದ ಗುಣಿಸಿಕೊಳ್ಳಿ.

ಗುಣಿಸುವ ಅಗತ್ಯವೇ ಇರಲಿಲ್ಲ. ಗುಣಿಸಿದೆ. ಆ ಮಂಗಳವಾರ ನೀರು ಎಂಟೂವರೆಯ ಮೇಲೆ ಸುಖವಾಗಿತ್ತು. ಅದಕ್ಕೆ ಐದೂವರೆ ಸುರಿದು ಹದಿನಾಲ್ಕು ಮಾಡಿದವಳು ನಾನು. ಮಾವ ದೀಪ ಆರಿಸಿದ್ದರು, ಅಷ್ಟೇ. ದ್ರಾವಣದ ಸೀಸೆ ಎಷ್ಟು ಇಳಿದಿದೆ ಎಂದು ಅವತ್ತು ಒಮ್ಮೆ ನೋಡಿದ್ದರೂ ಸಾಕಿತ್ತು. ನಾನು ಸುರಿದದ್ದಕ್ಕಿಂತ ಒಂದು ಹನಿ ಹೆಚ್ಚು ಇಳಿದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತೂ ನಾನೇ, ಬರೆ ಎಳೆದವಳೂ ನಾನೇ.

ಏನು ಮಾಡಿದೆ ಗೊತ್ತೇ? ಆ ಪೆಟ್ಟಿಗೆಯನ್ನು ಹಾಳೆಯ ಸಮೇತ ಮೇಜಿನ ಕೆಳಖಾನೆಯಲ್ಲಿ, ಹಳೆಯ ಪೈಪುಗಳ ಅಡಿಗೆ ತುರುಕಿದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ಊಟಕ್ಕೆ ಕೂತಾಗ ಹೇಳೋಣವೆಂದರೆ ಊಟ ಕೆಡುತ್ತದೆ. ಮನೆಯವರು ಇಲ್ಲದಾಗ ಹೇಳೋಣವೆಂದರೆ ಕಳ್ಳತನದ ಹಾಗೆ ಕಾಣುತ್ತದೆ. ಹೇಳದಿರುವುದಕ್ಕೆ ಕಾರಣ ಹುಡುಕುವುದರಲ್ಲಿ ನನ್ನಷ್ಟು ಚುರುಕು ಇನ್ನೊಬ್ಬರಿಲ್ಲ.

ಅಷ್ಟರಲ್ಲಿ ಮಾವ ಬದಲಾಗುತ್ತಿದ್ದರು. ಕೆಳಗೆ ಇಳಿಯುವುದನ್ನು ಬಿಟ್ಟರು. ಮನೆಯಲ್ಲಿ ಚೀಟಿಗಳು ಕಾಣಿಸಿಕೊಂಡವು. ಒಲೆಯ ಪಕ್ಕ ಒಂದು: "ಗ್ಯಾಸ್ ಆರಿಸಿದೆ, 8.10". ಮಾತ್ರೆ ಡಬ್ಬಿಯ ಮೇಲೆ ಒಂದು: "ಬೆಳಗಿನದು ತೆಗೆದುಕೊಂಡಿದ್ದೇನೆ". ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಎಳೆದು ನೋಡುತ್ತಿದ್ದರು. ಒಮ್ಮೆ ಚಹಾಕ್ಕೆ ಸಕ್ಕರೆ ಹಾಕಿಕೊಂಡು, ಚಮಚ ಕೈಯಲ್ಲೇ ಹಿಡಿದು, ನನ್ನ ಮುಖ ನೋಡಿದರು.

"ಹಾಕಿದ್ನಾ ಅಮ್ಮ?"

"ಹಾಕಿದ್ರಿ ಮಾವ."

"ಹಾಂ. ನೀನು ನೋಡಿದ್ದು ಒಳ್ಳೇದಾಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಪಾಡು ಅದಕ್ಕಿಂತ ಕಡೆ. ಕಳ್ಳಿ ಎಂದು ಯಾರೂ ಅನ್ನುತ್ತಿರಲಿಲ್ಲ. ಮಾವ ದಿನಕ್ಕೆ ಹತ್ತು ಸಲ ನನ್ನ ಉಪಕಾರ ನೆನೆಯುತ್ತಿದ್ದರು.

ನಮ್ಮ ಮನೆಯವರಿಗೆ ಗಾಬರಿಯಾಗಿ ನೆನಪಿನ ಡಾಕ್ಟರ ಬಳಿ ಸಮಯ ಗೊತ್ತುಮಾಡಿದರು. ಮೂವರೂ ಹೋದೆವು. ಡಾಕ್ಟರು ಮೂರು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, ಮಾವ ಮೂರನ್ನೂ ಹೇಳಿದರು. ಗಡಿಯಾರದ ಚಿತ್ರ ಬರೆಯಿರಿ ಅಂದರು, ಮಾವ ನಿಮಿಷದ ಗೆರೆಗಳನ್ನೂ ಬಿಡದೆ ಬರೆದರು.

"ನನಗೇನೂ ದೊಡ್ಡದಾಗಿ ಕಾಣ್ತಿಲ್ಲ. ಮನೇಲಿ ಏನಾದ್ರೂ ಮರೆತು ತೊಂದರೆ ಆಗಿದ್ದು ಉಂಟಾ?"

ಇವರು ತೊಟ್ಟಿಯ ಕತೆಯನ್ನೆಲ್ಲ ಹೇಳಿದರು. ತಂದೆ ಎರಡನೇ ಸಲ ಸುರಿದದ್ದು, ಸುರಿದದ್ದು ನೆನಪಿಲ್ಲದ್ದು. ಡಾಕ್ಟರು ನನ್ನ ಕಡೆ ತಿರುಗಿ, "ಅವತ್ತು ನೀವೇ ಅಲ್ವಾ ಇದ್ದಿದ್ದು? ಹೌದಾ?" ಅಂದರು. ಬಾಯಿ ಜೋರಿನವಳು ನಾನು. ಬೀದಿಯಲ್ಲಿ ನಾಲ್ಕು ಜನರೊಡನೆ ಜಗಳವಾಡಿ ಗೆದ್ದು ಬಂದವಳು. ತಲೆ ತಗ್ಗಿಸಿ "ಹೌದು" ಅಂದೆ. ಡಾಕ್ಟರು ಬರೆದುಕೊಂಡರು. ಹಾಗಿದ್ದರೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಅಂದರು. ಈಗ ನೆನೆಸಿಕೊಂಡರೆ ಆ ಕುರ್ಚಿಯಲ್ಲಿ ಕೂತವಳ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

ಅದಾದ ಮೇಲಿನ ಶುಕ್ರವಾರ ಮಧ್ಯಾಹ್ನ ಮಾವ ಮುಂದಿನ ಕೋಣೆಯ ಮೇಜಿನ ಹತ್ತಿರ ಕೂತು ಏನೋ ಬರೆಯುತ್ತಿದ್ದರು. ನನ್ನನ್ನು ಕರೆದು ಹಾಳೆ ಕೈಗಿತ್ತರು.

"ಕಾಗುಣಿತ ಒಂದ್ಸಲ ನೋಡ್ಬಿಡಮ್ಮ. ನಾಳೆ ಕಳಿಸ್ಬೇಕು."

ಪ್ರಯೋಗಾಲಯಕ್ಕೆ ಬರೆದ ಪತ್ರ. ಅಕ್ಷರ ಮುತ್ತಿನಂತಿತ್ತು. "ಇತ್ತೀಚೆಗೆ ಮರೆವು ಕಾಣಿಸಿಕೊಂಡಿರುವುದರಿಂದ, ಹೊಸಬರಿಗೆ ನಾನು ತಪ್ಪು ಅಳತೆ ಕಲಿಸಿಬಿಡುವ ಅಪಾಯವಿದೆ. ಜನ ಕುಡಿಯುವ ನೀರಿನ ವಿಷಯ. ಆದ್ದರಿಂದ ಇನ್ನು ಮುಂದೆ ಬರಲಾರೆ, ಕ್ಷಮಿಸಬೇಕು." ಒಂದು ತಪ್ಪೂ ಇರಲಿಲ್ಲ.

ಎದುರಿನ ಕುರ್ಚಿಯಲ್ಲಿ ಕೂತೆ.

"ಮಾವ, ಇದನ್ನ ಕಳಿಸ್ಬೇಡಿ."

"ಯಾಕಮ್ಮ?"

"ಅವತ್ತು ನೀವು ಹಾಕಿರ್ಲಿಲ್ಲ. ಹಾಕಿದ್ದೆಲ್ಲ ನಾನೇ. ನಾನೊಬ್ಬಳೇ."

ಮಾವ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕದ್ದು.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ಇಲ್ಲ ಮಾವ. ನನಗೆ ಗೊತ್ತಾಗಿ ಮೂರು ವಾರ ಆಯ್ತು. ಗೊತ್ತಿದ್ದೂ ಸುಮ್ನಿದ್ದೆ. ಡಾಕ್ಟರ ಮುಂದೆನೂ ಸುಮ್ನಿದ್ದೆ."

"ಬಿಡಮ್ಮ. ನಿನ್ನ ಬಾಯಿ ಜೋರು, ನಿಜ. ಆದ್ರೆ ನೀನು ಅಂಥವಳಲ್ಲ. ಗೊತ್ತಿದ್ದಿದ್ರೆ ಅವತ್ತೇ ಬಂದು ಹೇಳ್ತಿದ್ದೆ. ನನಗೆ ಗೊತ್ತಿಲ್ವಾ ನೀನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಳಗೆ ಓಡಿದೆ. ಪೈಪುಗಳನ್ನೆಲ್ಲ ನೆಲಕ್ಕೆ ಸುರಿದು ಆ ಪೆಟ್ಟಿಗೆ ಎಳೆದು ತಂದು, ಹಾಳೆ ಬಿಡಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಮೂರು ಪಾಯಿಂಟ್ ಒಂದು ಬಂದದ್ದು, ಅದನ್ನು ಡಿಗ್ರಿ ಅಂದುಕೊಂಡದ್ದು, ನಾಲ್ಕು ಪಾಲು ಸುರಿದದ್ದು, ಮರಳು ಕೆದಕಿದೆ ಎಂಬ ಸುಳ್ಳು, ಹಾಳೆ ಬಚ್ಚಿಟ್ಟದ್ದು, ಎಲ್ಲವನ್ನೂ ಹೇಳಿದೆ. ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು, ಅವರೆದುರು ಅಳುವ ಹಕ್ಕು ನನಗೆಲ್ಲಿಯದು?

ಮಾವ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಓದಿದರು. ಮತ್ತೆ ಓದಿದರು. ಮುಖದ ನಗು ನಿಧಾನವಾಗಿ ಹೋಯಿತು. ಈಗ ಅವರು ನನ್ನನ್ನು ನಂಬಿದರು ಎಂದು ನನಗೆ ತಿಳಿಯಿತು.

"ಮೂರು ವಾರ" ಅಂದರು. ಅಷ್ಟೇ.

ಆಮೇಲೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು.

"ಮೂರು ಪಾಯಿಂಟ್ ಒಂದು, ಇಂಟು ಎರಡು ಪಾಯಿಂಟ್ ಎಂಟು. ಎಂಟು ಪಾಯಿಂಟ್ ಆರು ಎಂಟು. ಅಂದ್ರೆ ನೀರು ಸರಿಯಾಗೇ ಇತ್ತು."

"ಹೌದು ಮಾವ. ಸರಿಯಾಗೇ ಇತ್ತು. ನೀವು ಸರಿಯಾಗೇ ಇದ್ರಿ."

ಅವರು ಕಣ್ಣು ತೆರೆದು ನನ್ನ ಕಡೆ ಬಾಗಿದರು.

"ಲೆಕ್ಕ ಸರೀನಾ? ಫೋನಲ್ಲಿ ಒಂದ್ಸಲ ನೋಡು."

"ಸರಿ ಇದೆ ಮಾವ. ನೋಡೋದೇ ಬೇಡ."

"ನೋಡಮ್ಮ. ನೋಡಿ ಹೇಳು."

ಫೋನು ತೆಗೆದು ಒತ್ತಿದೆ. ಎಂಟು ಪಾಯಿಂಟ್ ಆರು ಎಂಟು. ಪರದೆಯನ್ನು ಅವರಿಗೆ ತೋರಿಸಿದೆ. ಮಾವ ಒಂದೊಂದು ಅಂಕಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನಾನು ಮೇಜಿನ ಮೇಲೆ ಬಿಟ್ಟುಹೋಗಿದ್ದ ಪತ್ರವನ್ನು ಮೆಲ್ಲಗೆ ತೆಗೆದುಕೊಂಡು ಮೂರು ಮಡಿಕೆ ಮಾಡಿದರು.

"ಇವತ್ತೇನೋ ಸರಿ ಬಂತು" ಎಂದು ಅದನ್ನು ಲಕೋಟೆಯೊಳಗಿಟ್ಟು ಅಂಟಿಸಿದರು.